ಹಿಡಿದು ಬಿಡುವ ಅಂಟು

ಚೆಂಡು ಮಿಸುಕಲಿಲ್ಲ. ಅಂಟುರಾಯನ ಹೆಂಡತಿ ಎಡಗಾಲನ್ನು ಗೋಡೆಗೆ ಒದೆಕೊಟ್ಟು, ಎರಡೂ ಕೈಯಲ್ಲಿ ಚೆಂಡನ್ನು ಹಿಡಿದು, ಹಲ್ಲು ಕಚ್ಚಿ ಎಳೆದಳು. ಆರಡಿ ಉದ್ದದ ತೊಟ್ಟಿ ಮೇಲೆದ್ದಿತು. ತೊಟ್ಟಿಗೆ ಹೇಗೋ ಅಂಟಿಕೊಂಡಿದ್ದ ಮೇಜೂ ಎದ್ದಿತು. ಮೇಜಿಗೆ ಕೈಯೂರಿ ನಿಂತಿದ್ದ ಅಂಟುರಾಯನೂ ಒಂದು ಗೇಣು ಎದ್ದ. ನಿಂಬೆಹಣ್ಣಿನ ಗಾತ್ರದ ಆ ಬಿಳಿ ರಬ್ಬರ್ ಚೆಂಡು ಮಾತ್ರ ತೊಟ್ಟಿಯಲ್ಲಿ ತಾನು ಕೂತ ಜಾಗದಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ.

"ನೋಡಿದ್ಯಾ?" ಅಂಟುರಾಯ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ. "ಅಂಟು ಅಂದ್ರೆ ಇದು."

"ಅಪ್ಪಾ, ಅದು ಹಿಂಗೆ ಅಂಟ್ಕೋಬಾರದು."

"ಅಂಟ್ಕೋಬೇಕು ಅಂತ ನೀನೇ ಹೇಳಿದ್ದು."

"ಅಂಟ್ಕೋಬೇಕು. ಆಮೇಲೆ ಬಿಡಬೇಕು. ಮತ್ತೆ ಅಂಟ್ಕೋಬೇಕು, ಮತ್ತೆ ಬಿಡಬೇಕು. ಹಂಗೇ ಉರುಳ್ಕೊಂಡು ಹೋಗ್ಬೇಕು."

"ಅಂಟ್ಕೊಂಡು ಬಿಡೋದಾ?" ಅಂಟುರಾಯನ ಮುಖ, ಯಾರೋ ಅವನ ಊಟದ ತಟ್ಟೆಗೆ ಚಪ್ಪಲಿ ಇಟ್ಟಂತೆ ಆಯಿತು. "ಅದನ್ನ ಅಂಟು ಅಂತಾರೇನೇ? ಅದನ್ನ ನಿಮ್ಮಮ್ಮನ ಕಡೆ ನೆಂಟಸ್ತಿಕೆ ಅಂತಾರೆ."

ಆ ಊರಿನಲ್ಲಿ ಹರಿದದ್ದು, ಮುರಿದದ್ದು, ಬಾಯಿ ಬಿಟ್ಟದ್ದು ಏನೇ ಇದ್ದರೂ ಅವನ ರಿಪೇರಿ ಅಂಗಡಿಗೇ ಬರಬೇಕು. ಚಪ್ಪಲಿ, ಚೀಲ, ಕುರ್ಚಿ, ಕೊಡೆ, ಒಮ್ಮೆ ಒಬ್ಬ ಗಾಯಕನ ಕೃತಕ ಹಲ್ಲುಸಾಲು. ನಲವತ್ತು ವರ್ಷದಲ್ಲಿ ಅವನು ಅಂಟಿಸಿದ್ದು ಒಂದೇ ಒಂದು ಬಿಟ್ಟುಕೊಂಡಿಲ್ಲ. ಅವನು ಹಿಡಿಕೆ ಕೂರಿಸಿದ ಸೂಟ್‌ಕೇಸೊಂದು ಏಳು ದೇಶ ಸುತ್ತಿ, ಬಟ್ಟೆ ಕಳೆದುಕೊಂಡು, ಮುಚ್ಚಳ ಕಳೆದುಕೊಂಡು, ಕೊನೆಗೆ ಸೂಟ್‌ಕೇಸನ್ನೇ ಕಳೆದುಕೊಂಡು ಬರೀ ಹಿಡಿಕೆಯಾಗಿ ಮನೆಗೆ ಬಂದಿತ್ತು. ಓಟಗಾರನೊಬ್ಬನ ಬೂಟಿಗೆ ಅಟ್ಟೆ ಹಾಕಿಕೊಟ್ಟರೆ, ಆತ ಪಂದ್ಯ ಗೆದ್ದು ಬಂದಾಗ ಅಟ್ಟೆಯ ಜೊತೆಗೆ ರಸ್ತೆಯೂ ಒಂದು ಫರ್ಲಾಂಗು ಎದ್ದು ಬಂದಿತ್ತಂತೆ. ಅವನ ಅಂಟಿಗೆ ನೀರಿನ ಭಯವಿಲ್ಲ. ನೀರು ಬಿದ್ದಷ್ಟೂ ಗಟ್ಟಿಯಾಗುವ ಜಾತಿ ಅದು. ಉಡದ ಪಟ್ಟು ಎಂಬ ಮಾತಿದೆಯಲ್ಲ, ಆ ಉಡಗಳು ಇವನ ಅಂಗಡಿಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಹೋಗುತ್ತಿದ್ದವು.

ಇಂಥವನಿಗೆ ಒಬ್ಬಳೇ ಮಗಳು. ವೈದ್ಯಕೀಯ ಕಾಲೇಜಿನಲ್ಲಿ ಏಳು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಅವಳನ್ನು ತೆಗೆಯುತ್ತಿದ್ದರು, ಪ್ರತಿ ಜುಲೈನಲ್ಲಿ ಕರೆಯುತ್ತಿದ್ದರು. ಕಾಯಂ ಕೆಲಸಕ್ಕೆ ಮೂವರು ಹಿರಿಯರ ಸಮಿತಿಯ ಮುಂದೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಎರಡು ಸಲ ಮಾಡಿ ಎರಡೂ ಸಲ ಬಿದ್ದಿದ್ದಳು. ಗೊತ್ತಿಲ್ಲದೆ ಅಲ್ಲ, ಆ ನಿಶ್ಶಬ್ದ ಕೋಣೆ, ಆ ಮೂರು ಮುಖ ಕಂಡರೆ ಅವಳ ದನಿ ಬಾವಿಗೆ ಬಿದ್ದ ಚೊಂಬಿನ ಹಾಗೆ ಒಳಕ್ಕೆ ಇಳಿದುಬಿಡುತ್ತಿತ್ತು. ಕಳೆದ ಸಲ ಸಮಿತಿಯವರೊಬ್ಬರು ಕಿವಿಯಂತ್ರದ ಬ್ಯಾಟರಿಯನ್ನು ಮೂರು ಬಾರಿ ಬದಲಾಯಿಸಿದರಂತೆ. ಒಬ್ಬರಿಗೆ ಮೂರೇ ಅವಕಾಶ ಎಂದು ನಿಯಮ. ಸೋಮವಾರದ್ದು ಮೂರನೆಯದು. ಅದೂ ಹೋದರೆ ಮುಂದಿನ ಜುಲೈನಲ್ಲಿ ಕರೆಯುವವರೂ ಇಲ್ಲ.

ಕೊಟ್ಟ ವಿಷಯ: ಅಪಧಮನಿಯ ಗೋಡೆಗೆ ಬಿಳಿ ರಕ್ತಕಣಗಳು ತಗುಲಿ ಉರುಳುವ ಬಗೆ.

"ಕೈಯಲ್ಲಿ ಏನಾದ್ರೂ ಇದ್ರೆ ಬಾಯಿಗೆ ಮಾತು ಬರುತ್ತಪ್ಪ," ಎಂದಿದ್ದಳು ಮಗಳು. "ಒಂದು ಮಾದರಿ ಮಾಡ್ಕೊಡು. ಅದು ಉರುಳ್ತಾ ಇದ್ರೆ ಅದನ್ನ ನೋಡ್ಕೊಂಡೇ ನಾನು ಮಾತಾಡ್ತೀನಿ."

ಅಪ್ಪ ಅಂಗಡಿಗೆ ಮೂರು ದಿನ ಬಾಗಿಲು ಹಾಕಿದ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿದ. ಒಳಗೆ ಎಳೆ ಎದ್ದ ಹಳೆ ಕಂಬಳಿಯನ್ನು ಹಾಸಿದ. ಕೆಳತುದಿಯಲ್ಲಿ ಹಳದಿ ಬಟ್ಟೆಯ ಒಂದು ಚುಕ್ಕೆ ಕೂರಿಸಿದ, ಅದು ಗಾಯ. ಕೆಂಪು ಕಣಗಳಿಗೆ ಮಣಿ, ಬಿಳಿ ಕಣಗಳಿಗೆ ಹನ್ನೆರಡು ಚೆಂಡು. ಅಷ್ಟೂ ಚೆನ್ನಾಗಿತ್ತು. ಆಮೇಲೆ ಚೆಂಡುಗಳಿಗೆ ತನ್ನ ಅಂಟು ಬಳಿದಿದ್ದ.

"ಇನ್ನೊಂದ್ಸಲ ಹೇಳು," ಎಂದ ಈಗ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. "ದಡ್ಡನಿಗೆ ಹೇಳೋ ಹಾಗೆ ಹೇಳ್ಬೇಡ. ನನಗೆ ಹೇಳೋ ಹಾಗೆ ಹೇಳು."

"ಎರಡೂ ಒಂದೇ ಅಲ್ವಾ," ಎಂದಳು ಹೆಂಡತಿ, ಕೈ ನೀವಿಕೊಳ್ಳುತ್ತ.

ಮಗಳು ನಕ್ಕು ತೊಟ್ಟಿಯ ಪಕ್ಕ ಕೂತಳು. ಮನೆಯಲ್ಲಿ ಅವಳ ದನಿಗೆ ಏನೂ ಕಮ್ಮಿಯಿರಲಿಲ್ಲ. ಅಪ್ಪನ ಸುತ್ತಿಗೆಯ ಸದ್ದಿನ ನಡುವೆ ಮಗ್ಗಿ ಕಲಿತವಳು. ಅವಳು ಮನೆಯಲ್ಲಿ "ಊಟ ಆಯ್ತಾ?" ಎಂದರೆ ಮೂರು ಬೀದಿಯವರು "ಆಯ್ತು" ಎನ್ನುತ್ತಿದ್ದರು.

"ರಕ್ತ ರಭಸವಾಗಿ ಹರೀತಾ ಇರುತ್ತೆ, ಸರಿನಾ? ಕೆಂಪು ಕಣಗಳಿಗೆ ನಿಲ್ಲೋ ಕೆಲಸ ಇಲ್ಲ, ಓಡ್ತಾ ಇರ್ತವೆ. ಎಲ್ಲೋ ಒಂದು ಕಡೆ ಗೋಡೆ ಕೆಟ್ಟಿದೆ ಅನ್ಕೋ. ಆ ಸುತ್ತಮುತ್ತ ಗೋಡೆ ಒಳಗಡೆ ಸಣ್ಣ ಸಣ್ಣ ಕೊಕ್ಕೆ ಚಾಚುತ್ತೆ. ಬಿಳಿ ಕಣ ಬಂದು ಅದಕ್ಕೆ ಸಿಕ್ಕಾಕ್ಕೊಳ್ಳುತ್ತೆ. ಆದ್ರೆ ಹಿಂದಿನಿಂದ ಹರಿವು ನೂಕ್ತಾನೇ ಇರುತ್ತಲ್ಲ. ಹಿಂದಿನ ಕೊಕ್ಕೆ ಬಿಟ್ಕೊಳ್ಳುತ್ತೆ, ಅಷ್ಟರಲ್ಲಿ ಮುಂದಿನ ಕೊಕ್ಕೆ ಹಿಡ್ಕೊಳ್ಳುತ್ತೆ. ಹಾಗೆ ಉರುಳ್ತಾ ಉರುಳ್ತಾ ಓಟ ನಡಿಗೆ ಆಗುತ್ತೆ. ನಡಿಗೆ ಆದ್ರೆ ತಾನೇ ವಾಸನೆ ಸಿಗೋದು?"

"ಯಾವ ವಾಸನೆ?"

"ಎಲ್ಲಿ ಕೆಟ್ಟಿದೆ ಅನ್ನೋ ವಾಸನೆ. ಅದು ಸಿಕ್ಕಿದ ಮೇಲೆ ನಿನ್ನ ಅಂಟಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತೆ. ಆಮೇಲೆ ಚಪ್ಪಟೆಯಾಗಿ ಗೋಡೆ ಸಂದೀಲಿ ನುಸುಳಿ ಆಚೆ ಹೋಗುತ್ತೆ, ರಿಪೇರಿಗೆ."

ಅಂಟುರಾಯ ಗಡ್ಡ ಕೆರೆದುಕೊಂಡ. ಹೆಂಡತಿಗೆ ಆಗಲೇ ಹೊಳೆದುಬಿಟ್ಟಿತ್ತು.

"ನಿಮ್ಮಕ್ಕ ಪೇಟೆಗೆ ಹೋದ ಹಾಗೆ ಕಣ್ರೀ. ಜನ ಎಲ್ಲಾ ದಡದಡ ಅಂತ ಹೋಗ್ತಿದ್ರೆ ಅವರು ಈ ಅಂಗಡಿ ಬಾಗಿಲು ಹಿಡ್ಕೊಂಡು ಒಂದು ಮಾತು, ಆ ಅಂಗಡಿ ಬಾಗಿಲು ಹಿಡ್ಕೊಂಡು ಒಂದು ಮಾತು. ಎಲ್ಲೂ ಕೂರಲ್ಲ, ಯಾವುದನ್ನೂ ಬಿಡಲ್ಲ. ಎಲ್ಲಿ ಜಗಳದ ವಾಸನೆ ಬಂತೋ, ಅಲ್ಲಿ ನಿಂತ್ರು. ನಿಂತ್ರಾ, ಒಳಗೆ ನುಗ್ಗಿದ್ರು."

"ಅಮ್ಮಾ, ಸೋಮವಾರ ನೀನೇ ಹೋಗ್ಬಿಡು," ಎಂದಳು ಮಗಳು.

ಅಂಟುರಾಯ ತನ್ನಕ್ಕನ ಮಾನಕ್ಕಾಗಿ ಐದು ನಿಮಿಷ ಹೋರಾಡಿದ, ಆಮೇಲೆ ಕೆಲಸಕ್ಕೆ ಇಳಿದ. ಅಂಟಿದ ಚೆಂಡನ್ನು ಕಂಬಳಿ ಸಮೇತ ಹೆರೆದು ತೆಗೆದು ಬೇರೆ ಕಂಬಳಿ ಹಾಸಿದ. ಹಳೆ ಶಾಲಾ ಚೀಲಗಳ, ಚರ್ರೆಂದು ಬಿಚ್ಚುವ ಪಟ್ಟಿಗಳನ್ನು ಕಿತ್ತು, ಕೊಕ್ಕೆ ಇರುವ ಮಗ್ಗುಲನ್ನು ಸಣ್ಣ ಸಣ್ಣ ಚೂರು ಮಾಡಿ ಹೊಸ ಚೆಂಡುಗಳಿಗೆ ಕೂರಿಸಿದ. ಆದರೂ ಹಿಡಿತ ಹೆಚ್ಚು. "ಕೊಕ್ಕೆ ಕತ್ತರಿಸು," ಎಂದಳು ಮಗಳು. ಮೂರರಲ್ಲಿ ಎರಡನ್ನು ಕತ್ತರಿಸಬೇಕಾಯಿತು. ಪ್ರತಿ ಕೊಕ್ಕೆಗೂ ಅವನು, ಯಾರೋ ತನ್ನ ಉಗುರು ಕೀಳುತ್ತಿರುವಂತೆ "ಹಾ... ಹಾ..." ಎಂದು ನರಳಿದ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನೂರಾ ಹದಿನೇಳನೆಯ ಪ್ರಯತ್ನದಲ್ಲಿ (ಹೆಂಡತಿಯ ಲೆಕ್ಕದಲ್ಲಿ ಹದಿನೇಳನೆಯದು) ಕೆಂಪು ನೀರು ಹರಿಯಿತು, ಮಣಿಗಳು ಓಡಿದವು, ಅವುಗಳ ನಡುವೆ ಬಿಳಿ ಚೆಂಡೊಂದು ಕಂಬಳಿಯ ಎಳೆಯನ್ನು ಹಿಡಿಯಿತು, ಬಿಟ್ಟಿತು, ಹಿಡಿಯಿತು, ಮಗ್ಗುಲಾಯಿತು, ಬಿಟ್ಟಿತು, ಹಿಡಿಯಿತು. ಎಳೆ ದಟ್ಟವಾಗಿದ್ದ ಹಳದಿ ಚುಕ್ಕೆಯ ಮೇಲೆ ಬಂದು ನಿಂತಿತು. ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವಂತೆ ಮೂವರೂ ಉಸಿರು ಹಿಡಿದು ನೋಡಿದರು.

ಮಗಳು ಅಂದು ಇಪ್ಪತ್ತು ಸಲ ಪಾಠ ಒಪ್ಪಿಸಿದಳು. ಪಕ್ಕದ ಮನೆಯ ಬೆಕ್ಕಿಗೂ ಬಾಯಿಪಾಠವಾಯಿತು.

ಸೋಮವಾರ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಅಂಟುರಾಯ ಚೆಂಡುಗಳನ್ನು ಡಬ್ಬಿಗೆ ತುಂಬಲು ಕೂತ. ಅವನಿಗೊಂದು ಚಾಳಿಯಿತ್ತು. ಯಾವ ವಸ್ತುವೂ ಕೊನೆಯ ಹನಿ ಬೀಳದೆ ಅವನ ಕೈ ದಾಟಿ ಹೋಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ, ಗಿರಾಕಿ ಕೈ ಚಾಚಿದ ಮೇಲೆ, ತುದಿಗೆ ಒಂದು ಹನಿ. ಅದು ಅವನ ಸಹಿ. ಏಳನೆಯ ಚೆಂಡಿನ ಪಟ್ಟಿಯ ಮೂಲೆ ಸ್ವಲ್ಪ ಎದ್ದಂತೆ ಕಂಡಿತು. ಕೈ ತುರಿಸಿತು. ಆ ದೊಡ್ಡವರ ಕೋಣೆಯಲ್ಲಿ, ಮಗಳ ಜೀವನದ ಆ ಇಪ್ಪತ್ತು ನಿಮಿಷದಲ್ಲಿ, ತಾನು ಕೂರಿಸಿದ ಪಟ್ಟಿಯೊಂದು ಕಿತ್ತು ನೀರಲ್ಲಿ ತೇಲಿದರೆ? ಒಂದೇ ಹನಿ ಹಾಕಿದ. ಒಂದಕ್ಕೆ ಹಾಕಿ ಉಳಿದ ಹನ್ನೊಂದಕ್ಕೆ ಹಾಕದಿದ್ದರೆ ಅದು ಪಂಕ್ತಿಭೇದ. ಹನ್ನೆರಡಕ್ಕೂ ಹಾಕಿದ. ಹನಿ ತೆಳ್ಳಗೆ ಹರಡಿ, ಕೊಕ್ಕೆಗಳ ಬುಡಕ್ಕೆ, ಬುಡದಿಂದ ತುದಿಗೆ, ತುಪ್ಪ ಸವರಿದಂತೆ ಹೊಳೆಯಿತು. ಚೆಂದವಾಗಿಯೇ ಕಂಡಿತು.

ತೊಟ್ಟಿ ಹೊರಲು ಇಬ್ಬರು ಬೇಕಾದ್ದರಿಂದ ಅವನೂ ಕಾಲೇಜಿಗೆ ಹೋದ. ಉದ್ದನೆಯ ಕೋಣೆ, ಹಸಿರು ಹಲಗೆ, ಮೇಜಿನ ಹಿಂದೆ ಮೂವರು. ನಡುವೆ ದಪ್ಪ ಕನ್ನಡಕದ ಹಿರಿಯ ಡಾಕ್ಟರಮ್ಮ. ಎಡಗಡೆ ಪೆನ್ನು ತಿರುಗಿಸುವವರು, ಬಲಗಡೆ ಆಕಳಿಸುವವರು. ತೊಟ್ಟಿಯನ್ನು ಮೇಜಿನ ಮೇಲೆ ಇಳಿಜಾರಾಗಿ ಇಟ್ಟು, ಕೆಳತುದಿಗೆ ಬಕೆಟ್ ಇಟ್ಟು, ಅಂಟುರಾಯ ಹೊರಗೆ ಬಂದು ಬಾಗಿಲ ಸಂದಿಗೆ ಒಂದು ಕಣ್ಣನ್ನು ಒಪ್ಪಿಸಿ ನಿಂತ.

ಮಗಳು ಶುರು ಮಾಡಿದಳು. ದನಿ ಸಣ್ಣಗಿತ್ತು, ಆದರೆ ಇತ್ತು. ಕೆಂಪು ನೀರು ಸುರಿದಳು. ಮಣಿಗಳು ಓಡಿದವು. "ಈಗ ಬಿಳಿ ಕಣವನ್ನು ಗಮನಿಸಿ," ಎಂದು ಮೊದಲ ಚೆಂಡನ್ನು ಬಿಟ್ಟಳು.

ಚೆಂಡು ಒಂದಂಗುಲ ಹೋಗಿ, ಥಪ್ ಎಂದು ಕೂತಿತು.

ಎರಡನೆಯದು ಮೊದಲನೆಯದರ ಬೆನ್ನಿಗೆ ಕೂತಿತು. ಮೂರನೆಯದು ಎರಡನೆಯದರ ಹೆಗಲಿಗೆ. ಅವಳು ಬೆರಳಿನಿಂದ ನೂಕಿ ನೋಡಿದಳು. ನೀರು ಬಿದ್ದಷ್ಟೂ ಗಟ್ಟಿಯಾಗುವ ಜಾತಿ! ಆ ಗುಡ್ಡೆಯ ಹಿಂದೆ ಕೆಂಪು ನೀರು ಕಟ್ಟಿಕೊಂಡು, ಅಂಚು ಮೀರಿ, ಮೇಜಿನ ಮೇಲೆ ಹರಿದು, ಪೆನ್ನು ತಿರುಗಿಸುವವರ ತೊಡೆಗೆ ಸುರಿಯಿತು. ಆಕಳಿಸುವವರು ಅಂದು ಮೊದಲ ಸಲ ಪೂರ್ತಿ ಕಣ್ಣು ಬಿಟ್ಟರು. ಮಗಳು ಬಾಯಿ ತೆರೆದಳು. ತುಟಿ ಆಡಿತು. ಸದ್ದು ಬರಲಿಲ್ಲ.

ಬಾಗಿಲ ಹಿಂದೆ ಅಂಟುರಾಯನಿಗೆ ಬೆಳಗಿನ ಹನಿ ನೆನಪಾಯಿತು. ಗೊತ್ತಾಗಿಹೋಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಾದರಿ ಕೈಕೊಟ್ಟಿತು ಎನ್ನುತ್ತಾರೆ, ಮಗಳೂ ಹಾಗೇ ಅಂದುಕೊಳ್ಳುತ್ತಾಳೆ. ನಲವತ್ತು ವರ್ಷದಲ್ಲಿ ತನ್ನ ಅಂಟು ತಪ್ಪು ಎಂದು ಅವನ ನಾಲಿಗೆ ಒಮ್ಮೆಯೂ ಹೊರಳಿದ್ದಿಲ್ಲ. ಅವನು ಬಾಗಿಲು ನೂಕಿಕೊಂಡು ಒಳಗೆ ಹೋದ.

"ತಪ್ಪು ನಂದು."

"ನೀವು ಯಾರು?" ಎಂದರು ಡಾಕ್ಟರಮ್ಮ.

"ಇವಳಪ್ಪ. ಇದನ್ನ ಮಾಡಿದವನು. ಇವಳು ಸರಿಯಾಗೇ ಹೇಳ್ಕೊಟ್ಟಿದ್ಲು, ನಿನ್ನೆ ಸರಿಯಾಗೇ ಉರುಳ್ತಿತ್ತು. ನಾನು ಬೆಳಿಗ್ಗೆ ಯಾರಿಗೂ ಹೇಳ್ದೆ ಅಂಟು ಹಾಕ್ಬಿಟ್ಟೆ."

ಮಗಳು ಅವನನ್ನೇ ನೋಡಿದಳು. ಆ ನೋಟಕ್ಕೆ ಅವನ ಅಂಗಡಿಯ ಅಷ್ಟೂ ಅಂಟು ಕರಗಿ ಹರಿಯಬೇಕಿತ್ತು.

"ಯಾಕೆ ಹಾಕಿದ್ರಿ?" ಎಂದರು ಡಾಕ್ಟರಮ್ಮ.

ಯಾವ ಪ್ರಶ್ನೆಗಾದರೂ ಮುನ್ನೂರು ಉತ್ತರ ಇಟ್ಟುಕೊಂಡವನು ಒಂದನ್ನು ಹುಡುಕಿ ತೆಗೆದ. "ಗಟ್ಟಿಯಾಗಿರ್ಲಿ ಅಂತ."

ಪೆನ್ನಿನವರು ಪ್ಯಾಂಟು ಒರೆಸಿಕೊಳ್ಳುತ್ತ, "ಹನ್ನೆರಡು ನಿಮಿಷ ಉಳಿದಿದೆ. ಮಾದರಿ ಬಿಟ್ಟು ಮುಂದುವರಿಸಿ," ಎಂದರು. ಮಗಳು ಹಲಗೆಯ ಕಡೆ ತಿರುಗಿದಳು. ಸೀಮೆಸುಣ್ಣ ಹಲಗೆಗೆ ತಾಗಿ ಅಲ್ಲೇ ನಿಂತಿತು.

ಅಂಟುರಾಯ ಕಿಸೆಯಿಂದ ಚರ್ಮ ಹೆರೆಯುವ ಚಾಕು ತೆಗೆದು, ಯಾರ ಅಪ್ಪಣೆಯನ್ನೂ ಕೇಳದೆ, ಚೆಂಡುಗಳನ್ನು ಕೀಳತೊಡಗಿದ. ಟಕ್, ಟಕ್, ಟಕ್. ಡಾಕ್ಟರಮ್ಮ ಅವನ ಕೈಯನ್ನೇ ನೋಡುತ್ತ, "ಅಂಟ್ಕೊಂಡ್ರೆ ಏನಾಯ್ತು?" ಎಂದರು. "ಅಂಟ್ಕೊಳ್ಳೋದೇ ತಾನೇ ಇವುಗಳ ಕೆಲಸ?"

ಪ್ರಶ್ನೆ ಮಗಳಿಗೆ. ಆದರೆ ಅಪ್ಪನದು ಖಾಲಿ ಬಿದ್ದ ಪ್ರಶ್ನೆಯನ್ನು ಕಂಡು ಸುಮ್ಮನಿರುವ ಜೀವವಲ್ಲ. ಅಂಟುರಾಯ ಬಾಯಿ ಹಾಕಿದ.

"ಗಾಯ ಇರೋದು ಅಲ್ಲಿ ಮೇಡಮ್, ಆ ಹಳದಿ ಚುಕ್ಕೆ. ಇವೆಲ್ಲ ಇಲ್ಲಿ ಬಾಗಿಲಲ್ಲೇ ಕೂತ್ಬಿಟ್ರೆ ಅಲ್ಲಿಗೆ ಹೋಗೋರು ಯಾರು? ಅದಕ್ಕೇ ಉರುಳ್ಬೇಕು. ಯಾಕೆ ಉರುಳ್ತವೆ ಅಂದ್ರೆ, ಇವಕ್ಕೆ ಸುಸ್ತಾಗುತ್ತೆ. ಸುಸ್ತಾದಾಗ ಗೋಡೆ ಹಿಡ್ಕೊಂಡು ಸುಧಾರಿಸ್ಕೊಂಡು..."

"ಅಪ್ಪಾ! ಸುಸ್ತು ಎಲ್ಲಿಂದ ಬಂತು?"

ಕಿಟಕಿಯ ಗಾಜು ಝಲ್ಲೆಂದಿತು. ಮೂರು ಬೀದಿಗೆ ಕೇಳುವ ದನಿ. ಟಕ್ ಟಕ್ ಸದ್ದಿನ ಮೇಲೆ ಹತ್ತಿ ಬಂದಿತ್ತು.

"ನೀನೇ ಹೇಳಿದ್ಯಲ್ಲ, ಓಟ ಹೋಗಿ ನಡಿಗೆ ಆಗುತ್ತೆ ಅಂತ."

"ನಡಿಗೆ ಆಗೋದು ಸುಸ್ತಿಗಲ್ಲ, ಹಿಡಿತಕ್ಕೆ! ಹಿಂದಿನ ಕೊಕ್ಕೆ ಬಿಡೋದು ಅವಕ್ಕೆ ಶಕ್ತಿ ಇಲ್ದೆ ಅಲ್ಲ. ಬಿಡೋ ಹಾಗೇ ಅವನ್ನ ಮಾಡಿರೋದು. ಬಿಡ್ಲಿಲ್ಲ ಅಂದ್ರೆ ಮುಂದಿನದನ್ನ ಹಿಡಿಯೋದು ಹೆಂಗೆ? ಎಷ್ಟ್ ಸಲ ಹೇಳಿದೀನಿ!"

"ಹೌದು, ನೀನು ಹೇಳಿದ್ದೆ," ಎಂದು ಒಪ್ಪಿದ ಅಂಟುರಾಯ. ಅಷ್ಟರಲ್ಲಿ ಚಾಕು ಜಾರಿತು. ಎಡಗೈ ಹೆಬ್ಬೆರಳ ಬುಡದಲ್ಲಿ ಕೆಂಪು ಗೆರೆ ಮೂಡಿ, ಒಂದು ಹನಿ ತೊಟ್ಟಿಗೆ ಬಿತ್ತು.

ಮಗಳು ಸೀಮೆಸುಣ್ಣ ಎಸೆದು ಬಂದು ಅವನ ಕೈ ಹಿಡಿದುಕೊಂಡಳು. ಹಿಡಿದು, ಒರೆಸಿ, ಒಂದು ಕ್ಷಣ ಆ ಗಾಯವನ್ನೇ ನೋಡಿದಳು. ಆಮೇಲೆ ಅವನ ತೋಳನ್ನು ಸಮಿತಿಯ ಮೇಜಿನ ಮೇಲೆ, ಕೆಂಪು ನೀರಿನ ನಡುವೆ, ಅಂಗೈ ಮೇಲಾಗಿ ಚಾಚಿದಳು.

"ಇಲ್ಲಿ ನೋಡಿ," ಎಂದಳು. "ಚಾಕು ತಾಗಿ ಇನ್ನೂ ಒಂದು ನಿಮಿಷ ಆಗಿಲ್ಲ. ಆಗ್ಲೇ ಇದರ ಸುತ್ತ ಸಣ್ಣ ನಾಳಗಳ ಗೋಡೆ ಕೊಕ್ಕೆ ಚಾಚೋಕೆ ಶುರು ಮಾಡಿದೆ. ಅಪ್ಪಾ, ಅಲುಗಾಡ್ಬೇಡ."

ಅಂಟುರಾಯ ಅಲುಗಾಡಲಿಲ್ಲ. ಮಗಳು ತೋರುಬೆರಳನ್ನು ಅವನ ಮೊಣಕೈಯ ಬಳಿ ಇಟ್ಟು ಸರ್ರನೆ ಎಳೆದಳು. ಮಣಿಕಟ್ಟು ದಾಟಿದ ಮೇಲೆ ಬೆರಳನ್ನು ಒತ್ತಿ, ಎತ್ತಿ, ಒತ್ತಿ, ಎತ್ತಿ, ಗಾಯದತ್ತ ಸಾಗಿದಳು. ಎಲ್ಲಿ ವೇಗ ತಗ್ಗುತ್ತದೆ, ಎಲ್ಲಿ ವಾಸನೆ ಸಿಗುತ್ತದೆ, ಸಿಕ್ಕ ಮೇಲೆ ಕಣದ ಮೈಮೇಲೆ ಬೇರೆಯೇ ಜಾತಿಯ ಗಟ್ಟಿ ಕೊಕ್ಕೆಗಳು ಹೇಗೆ ಎದ್ದು ನಿಲ್ಲುತ್ತವೆ, ಹಿಟ್ಟಿನ ಉಂಡೆ ಚಪಾತಿಯಾದಂತೆ ಚಪ್ಪಟೆಯಾಗಿ ಯಾವ ಸಂದಿಯಲ್ಲಿ ನುಸುಳುತ್ತದೆ, ಎಲ್ಲವನ್ನೂ ಆ ತೋಳಿನ ಮೇಲೆ ಹೇಳಿದಳು. ಮೂರು ತಲೆಗಳು ಅವನ ಹೆಬ್ಬೆರಳ ಮೇಲೆ ಬಾಗಿದವು. ಆ ಹೆಬ್ಬೆರಳಿಗೆ ಅಷ್ಟು ಓದಿದವರ ಉಸಿರು ಹಿಂದೆಂದೂ ತಾಗಿರಲಿಲ್ಲ.

"ಅಪಧಮನಿ?" ಎಂದರು ಪೆನ್ನಿನವರು. ಪೆನ್ನು ನಿಂತಿತ್ತು.

"ಅಲ್ಲೂ ಇದೇ ಸರ್. ಕೊಬ್ಬು ಸೇರಿ ದೊಡ್ಡ ನಾಳದ ಗೋಡೆ ಕೆಟ್ಟಾಗ್ಲೂ ಇವು ಹೀಗೇ ಹಿಡ್ಕೊಂಡು ಉರುಳ್ಕೊಂಡು ಬಂದು ಒಳಗೆ ಹೋಗ್ತವೆ. ಹೋಗಿ ಕೊಬ್ಬು ತಿಂದು ಅಲ್ಲೇ ಉಳ್ಕೊಳ್ತವೆ. ಒಂದರ ಮೇಲೊಂದು ಸೇರಿ ಗೋಡೆನೇ ದಪ್ಪ ಆಗುತ್ತೆ, ದಾರಿ ಸಣ್ಣದಾಗುತ್ತೆ."

"ಹಾಗಾದ್ರೆ ಇವು ಒಳ್ಳೇವೋ ಕೆಟ್ಟವೋ?" ಡಾಕ್ಟರಮ್ಮ ಕೇಳಿದರು.

"ಒಳ್ಳೇವೇ ಮೇಡಮ್. ರಿಪೇರಿ ಮಾಡ್ಬೇಕು ಅಂತಲೇ ಬರೋದು. ಎದ್ದು ಹೋಗೋದು ಗೊತ್ತಾಗಲ್ಲ, ಅಷ್ಟೇ."

"ನನ್ನ ಮುಖ ಯಾಕೆ ನೋಡ್ತೀಯ ಅದಕ್ಕೆ?" ಎಂದ ಅಂಟುರಾಯ.

ಆಕಳಿಸುವವರು ಮೊದಲು ನಕ್ಕರು. ಗಂಟೆ ಹೊಡೆಯಿತು. ಜವಾನ ಬಾಗಿಲು ತೆರೆದು ಮುಂದಿನ ಅಭ್ಯರ್ಥಿಯನ್ನು ಕರೆಯಲೇ ಎಂದು ಇಣುಕಿದ. ಡಾಕ್ಟರಮ್ಮ ತಲೆಯೆತ್ತದೆ ಕೈಬೀಸಿ ಅವನನ್ನು ಹೊರಗೆ ಕಳಿಸಿ, ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಉತ್ತರ ಮೂರು ಬೀದಿಗೆ ಕೇಳಿಸಿತು.

ಎಲ್ಲ ಮುಗಿದು ಅಪ್ಪ ಮಗಳು ತೊಟ್ಟಿಯ ಎರಡು ತುದಿ ಹಿಡಿದಾಗ ಡಾಕ್ಟರಮ್ಮ ಎದ್ದು ಬಂದರು. "ಅದನ್ನ ಇಲ್ಲೇ ಬಿಡಿ. ಆ ಅಂಟು ತೆಗೆದು ಮೊದಲಿನ ಹಾಗೆ ಮಾಡಿಕೊಡೋಕೆ ನಿಮಗೆ ಎಷ್ಟು ದಿನ ಬೇಕು?"

"ಎರಡು ದಿನ. ಯಾಕೆ ಮೇಡಮ್?"

"ಜುಲೈ ತರಗತಿಗೆ ಬೇಕು."

"ಯಾರ ತರಗತಿಗೆ?"

"ಇವರ ತರಗತಿಗೆ," ಎಂದು ಅವರು ಕನ್ನಡಕ ತೆಗೆದು ಒರೆಸಿದರು. "ಕಾಗದ ಶುಕ್ರವಾರ ಬರುತ್ತೆ. ಅಲ್ಲೀವರೆಗೆ ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡಿ."

ಅಂಟುರಾಯನಿಗೆ ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾರೂ ಕೊಟ್ಟಿರಲಿಲ್ಲ. ಬಸ್ಸು ಹತ್ತುವವರೆಗೆ ತುಟಿ ಕಚ್ಚಿಕೊಂಡೇ ಬಂದ. ಕಿಟಕಿಯ ಪಕ್ಕ ಕೂತ ಮೇಲೆ ಮಗಳು ತನ್ನ ಕರ್ಚೀಫನ್ನು ಉದ್ದಕ್ಕೆ ಮಡಚಿ ಅವನ ಹೆಬ್ಬೆರಳಿಗೆ ಸುತ್ತತೊಡಗಿದಳು. ಎರಡು ಸುತ್ತು ಹಾಕಿ ಗಂಟನ್ನು ಜಗ್ಗಿದಳು.

"ಅಷ್ಟು ಬಿಗಿ ಬೇಡ," ಎಂದ ಅವನು. "ಬರೋರು ಬರ್ಬೇಕಲ್ಲ."

ಅವಳು ಗಂಟನ್ನು ಸಡಿಲಿಸಿದಳು. ಬಸ್ಸು ಹೊರಟಿತು. ಅಂಟುರಾಯ ಬೆರಳನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು, ದಾರಿಯುದ್ದಕ್ಕೂ, ಒಳಗೆ ಯಾರೋ ನಡೆದು ಬರುವ ಸದ್ದಿಗೆ ಕಾದವನಂತೆ ತಲೆ ವಾಲಿಸಿ ಕೂತಿದ್ದ. ಬೆರಳು ನಿಧಾನವಾಗಿ ಬೆಚ್ಚಗಾಗುತ್ತಿತ್ತು.